ನೋಡೂದರಾಗ ಹಬ್ಬಿಬಿಟ್ಟಿತ್ತು ಕರಕಿ

ನಮ್ಮ ಕಾಕಾ ಬೆಳದಂಥಾ ಬೆಳಿ ರೋಣ ತಾಲೂಕಿನ್ಯಾಗ ಇನ್ನೊಬ್ಬ ಬೆಳದಿದ್ರ ತೋರಸ್ರಿ, ನನ್ನ ಹೊಲಿಗಿ ಮಶೀನ್ ಮಾರಿ ಅವನಿಗೆ ಸತ್ಕಾರ ಮಾಡ್ತೀನಿ! ಮಳಿ ಬರಲಿ ಬಿಡಲಿ, ಬೆಳೀತೈತಿ. ಗೊಬ್ಬರ ಬ್ಯಾಡ, ಬೀಜ ಬ್ಯಾಡ, ಹಕ್ಕಿ ಕಾಯೂದು ಬ್ಯಾಡ, ಕಳ್ಳರ ಹೆದರಿಕಿ ಇಲ್ಲ. ಕಿತ್ತರ ಬರತೈತಿ, ಕಡದರ ಬರತೈತಿ, ಸುಟ್ಟರ ಅಂತೂ ಇನ್ನಷ್ಟು ಖುಶೀಲೆ ಬರತೈತಿ. ನರಗುಂದದ ಕಡೆ ಕೆನಾಲ ನೀರು ಹಾಯಿಸಿ ಬೆಳಿಯಾವ್ರೂ ಇವನ ಮುಂದ ಕೈ ಮುಗೀಬೇಕು. ಏನ ಬೆಳಿ ಅಂತೀರಿ? ಕರಕಿ!

ಹೌದ್ರಿ, ಗಣಪ್ಪಗ ಏರಸ್ತೀವಲ್ಲ, ಅದ ಕರಕಿ. ಪ್ಯಾಟಿ ಮಂದಿಗೆ ಅದು ದೇವರ ಹುಲ್ಲು. ಎರಿ ಹೊಲ ಮಾಡಾವ್ರ ಮುಂದ ಆ ಹೆಸರ ತಗದ ನೋಡ್ರಿ, ಉಣ್ಣಾಕ ಕುಂತಾವ್ರು ತಾಟ ಸರಿಸಿ ಏಳ್ತಾರ. ಕರಿ ಮಣ್ಣಾಗ ಒಮ್ಮೆ ಹೊಕ್ಕಿತು ಅಂದ್ರ ಬೇರು ಟೊಂಕಮಟ ಇಳೀತೈತಿ. ಮ್ಯಾಲೆ ಚಾಪಿ ಹಾಸಿದಂಗ ಹಾಸತೈತಿ. ನಡುವ ಬಿತ್ತಿದ ಜ್ವಾಳ ಉಸರು ಕಟ್ಟಿ ಸಾಯತೈತಿ. ಹಿರ್ಯಾರು ಲಗ್ನದಾಗ ಕರಕಿ ಹಂಗ ಹಬ್ಬಿ ಬಾಳ್ರಿ ಅಂತಾರ. ಹೊಲ ಇಲ್ಲದ ಯಾರೋ ಹುಟ್ಟಿಸಿದ ಆಶೀರ್ವಾದ ಇರಬೇಕು ಅದು!

ನಾ ರೋಣದಾಗ ಜಂಪರ ಹೊಲಿಯಾಕಿ. ಕಾಕಾ, ಕಾಕು ಇರೂದು ಅಬ್ಬಿಗೇರ್ಯಾಗ. ಕಾಕು ಅಂದ್ರ ಅವನ ಹೆಂಡ್ತಿ. ನಮ್ಮವ್ವ ಲಗೂನ ಹೋದಮ್ಯಾಲೆ ನನಗ ಜಡಿ ಹಾಕಿ ಸಾಲಿಗೆ ಕಳಸಿದಾಕಿ, ಅತ್ತೀ ಮನಿಗೆ ಕಳಸೂವಾಗ ನನಗಿಂತ ಜೋರ ಅತ್ತಾಕಿ. ಆ ಮನ್ಯಾಗ ಏನರ ಜಗಳ ಆತು ಅಂದ್ರ ನನ್ನ ಫೋನ್ ಬಡಕೋತೈತಿ. ಫೋನ್ ಕಿವಿಗೆ, ಕಾಲು ಪೆಡಲ್ ಮ್ಯಾಲೆ. ಕಾಕಾನ ಸಲುವಾಗಿ ನಾ ಎಷ್ಟ ಮಂದಿ ಜಂಪರಕ್ಕ ಎಡಗಡೆ ತೋಳು ಬಲಗಡೆ ಹಚ್ಚೀನಿ ಅನ್ನೂದು ಆ ದೇವರಿಗೇ ಗೊತ್ತು.

ಮೊದಲು ಕಾಕಾನ ಹುಚ್ಚು ಏನಂತ ಹೇಳಬೇಕು. ಒಬ್ಬೊಬ್ರಿಗೆ ಇಂಥಾದ್ದು ತಿನ್ನಬಾರದು, ಇಂಥಾ ದಿನ ಕ್ಷೌರ ಮಾಡಸಬಾರದು ಅಂತ ಇರತೈತಿ. ನಮ್ಮ ಕಾಕಾಗ ಒಂದ ಒಂದು: ತುಳೀಬಾರದು! ಅಕ್ಷರ ಇದ್ದ ಹಾಳಿ ತುಳೀಬಾರದು. ಕಾಳು ತುಳೀಬಾರದು. ಹೂವು, ಎಲಿ, ಕಸಬರಿಗಿ, ಮಂದಿ ನೆರಳು, ಒಂದೂ ತುಳೀಬಾರದು. ದಾರ್ಯಾಗ ಏನರ ಕಂಡ್ರ ಬಗ್ಗಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಗ್ವಾಡಿ ಸಂದ್ಯಾಗ ಇಟ್ಟ ಮುಂದ ಹೆಜ್ಜಿ. ಈ ಮನಷ್ಯಾನ ಜೋಡಿ ಸಂತಿಗೆ ಹೋಗೂದು ಅಂದ್ರ ಸಂತಿ ಮುಗದಮ್ಯಾಲೆ ಮುಟ್ಟೂದು ಅಂತ ಅರ್ಥ.

ಒಮ್ಮೆ ಗಜೇಂದ್ರಗಡಕ್ಕ ಲಗ್ನಕ್ಕ ಹೊಂಟಿದ್ವಿ. ರೋಣದ ಬಸ್‌ಸ್ಟ್ಯಾಂಡಿನ್ಯಾಗ ಹಿಂದಿನ ದಿನದ ಅಮಾಸಿ ಪೂಜಾದ ಚೆಂಡೂವಿನ ಮಾಲಿ ಹರದು ಬಸ್ಸಿನ ಬಾಗಲ ಮುಂದ ಬಿದ್ದಿತ್ತು. ಕಾಕಾ ಎಸಳು ಎಸಳು ಆರಸಾಕ ಕುಂತ. ಕಂಡಕ್ಟರ್ "ಯಜಮಾನ್ರ, ಬರ್ತೀರೋ ಹೂವಾಡಿಗಾರ ಆಗ್ತೀರೋ?" ಅಂತ ಕೇಳಿ ಸೀಟಿ ಊದಿದ. ಬಸ್ಸು ಹೋತು. ನಾ ಕೆಳಗ ನಿಂತು ಹಲ್ಲ ಕಡದ್ನಿ.

"ಬಸ್ಸು ಹೋದ್ರ ಇನ್ನೊಂದು ಬರತೈತವಾ. ಪಾಪ ಹೋಗತೈತೇನು?" ಅಂದ ಕಾಕಾ.

ಇನ್ನೊಂದು ಬಸ್ಸಿಗೆ ಹೋಗಿ ಮುಟ್ಟೂದರಾಗ ಲಗ್ನ ಮುಗದು ಅಕ್ಕಿಕಾಳು ಬಿದ್ದಿದ್ವು. ಬಿದ್ದಿದ್ವು ಅಂದ್ರ ಖರೇನ ಬಿದ್ದಿದ್ವು, ಹಂದರದ ತುಂಬ ನೆಲದ ಮ್ಯಾಲೆ! ಮಂದಿ ಅವುಗಳ ಮ್ಯಾಲೇ ಹಾದು ಊಟಕ್ಕ ಹೊಂಟಿತ್ತು. ಕಾಕಾ ಹಂದರದ ಬಾಗಲದಾಗ ನಿಂತಾಂವ ನಿಂತ. ಬೀಗರು ಬಂದು ಕರದ್ರು, ಮದಿಮಗನ ಅಪ್ಪ ಬಂದು ಕೈ ಹಿಡದ ಎಳದ, ಊಹೂಂ. ಒಬ್ಬಾಕಿ ಕಸಬರಿಗಿ ತಂದ್ಲು. ಅಕ್ಕಿಕಾಳಿಗೆ ಕಸಬರಿಗಿ ಹಚ್ತೀಯಾ ಅಂತ ಆಕಿ ಜೋಡಿ ಜಗಳಾ ತಗದ. ಕಡೀಕ ಉಪಾಸ ಹೊಳ್ಳಿ ಬಂದ್ವಿ. ಅವನೇನೋ ಪುಣ್ಯಕ್ಕ ಉಪಾಸ ಬಂದ. ನಾ ಯಾತಕ್ಕ ಬಂದೆ ಹೇಳ್ರಿ!

ಇಂಥಾವನ ಕಣ್ಣಿಗೆ ಗಣಪ್ಪನ ಹಬ್ಬದ ಮರುದಿನ ಓಣಿ ಹ್ಯಾಂಗ ಕಾಣಬಾರದು? ಮೊದಲ ದೇವರ ಮ್ಯಾಲಿನ ಹೂ-ಪತ್ರಿ ಎಲ್ಲಾರೂ ಬಾವಿಗೆ ಹಾಕತಿದ್ರು. ಬಾವಿ ಮುಚ್ಚಿ ಅದರ ಮ್ಯಾಲೆ ಕಟ್ಟಿ ಕಟ್ಯಾರ. ಹಳ್ಳದ ತುಂಬ ಪ್ಲಾಸ್ಟಿಕ್ಕು. ಮಂದಿ ಗಟಾರದ ದಂಡಿಗೆ ಚೆಲ್ಲಾಕ ಸುರು ಮಾಡಿದ್ರು. ಒಂದು ವರ್ಷ ಗಣಪ್ಪನ ಕರಕಿ ಮ್ಯಾಲೆ ಟ್ರ್ಯಾಕ್ಟರ್ ಗಾಲಿ ಹಾದದ್ದು ನೋಡಿ ಕಾಕಾ ಆ ದಿನ ಗಂಟಲದಾಗ ನೀರು ಇಳಸಲಿಲ್ಲ. ಮುಂದಿನ ವರ್ಷ ಚೀಲ ಹಿಡಕೊಂಡು ಮನಿ ಮನಿಗೆ ಹೊಂಟ. "ಯವ್ವಾ, ದೇವರ ಪತ್ರಿ ಕೊಡ್ರಿ. ತುಳೀಲಾರದ ಜಾಗಾದಾಗ ಹಾಕಿ ಬರ್ತೀನಿ."

ಮತ್ತ ಈ ಓಣಿಗೆಲ್ಲಾ ಪೂಜಾಕ್ಕ ಕರಕಿ ತಂದು ಕೊಟ್ಟಾಂವ ಯಾರು? ಅವನ! ಹಳ್ಳದ ದಂಡ್ಯಾಗಿಂದ ಬೇರ ಸಮೇತ ಕಿತ್ತ ತಂದಿದ್ದ. ಚೂಟಿ ಏರಿಸಿದ್ರ ಅರ್ಧಾ ಫಲ, ಬೇರ ಸಮೇತ ಏರಿಸಿದ್ರ ಪೂರ್ತಿ ಫಲ ಅಂತ ಅವನದೊಂದು ಶಾಸ್ತ್ರ. ಯಾವ ಭಟ್ರು ಹೇಳ್ಯಾರೋ, ಯಾವ ಸ್ವಾಮಿಗೋಳು ಹೇಳ್ಯಾರೋ, ಕೇಳಬ್ಯಾಡ್ರಿ. ಆ ಹಸೀ ಬೇರಿನ ಕರಕಿನ್ನ ಚೀಲಗಟ್ಟಲೆ ಒಯ್ದು ಹಾಕಿದ್ದು ಎಲ್ಲಿ? ಕಾಕುನ ಹೊಲದಾಗ.

ಕಾಕುನ ಹೊಲ ಅಂದೆ, ಗಮನ ಇಡ್ರಿ. ಅದು ಕಾಕಾನ ಹೊಲ ಅಲ್ಲ. ಕಾಕುನ ಅಪ್ಪ ಆಕಿ ಲಗ್ನದಾಗ ಅರಿಷಿಣ-ಕುಂಕುಮಕ್ಕ ಅಂತ ಆಕಿ ಉಡಿಯಾಗ ಹಾಕಿದ ಹೊಲ. ಸಣ್ಣದು, ಆದ್ರ ಮಣ್ಣು ಅಂದ್ರ ಮಣ್ಣು. ಕೈಯಾಗ ಹಿಡದ್ರ ಬೆಣ್ಣಿ. ಕಾಕು ಬಂಗಾರ ಹಾಕ್ಕೊಂಡು ಮೆರದಾಕಿ ಅಲ್ಲ, ಒಂದು ಚಲೋ ಸೀರಿಗೆ ಆಸೆ ಬಿದ್ದಾಕಿ ಅಲ್ಲ. "ನನ್ನ ಹೊಲ" ಅನ್ನೂ ಮಾತು ಮಾತ್ರ ಬಾಯಿ ತುಂಬ ಅಂತಿದ್ಲು. ಎಳ್ಳ ಅಮಾಸಿ ದಿನ ಚರಗ ಚೆಲ್ಲಾಕ ಎಲ್ಲಾರೂ ಗಂಡನ ಹೊಲಕ್ಕ ಹೋದ್ರ, ಈಕಿ ಬುಟ್ಟಿ ಹೊತ್ತು ಮೊದಲ ತನ್ನ ಹೊಲಕ್ಕ ಹೋಗಿ, ಭೂಮಿತಾಯಿಗೆ ಉಣಿಸಿ, ಆಮ್ಯಾಲೆ ಗಂಡನ ಹೊಲಕ್ಕ ಬರ್ತಿದ್ಲು. ಕಾಕಾ ಅದಕ್ಕೂ ಒಂದಿನ ತಕರಾರ ಮಾಡಿದಾಂವಲ್ಲ.

ಆ ಹಬ್ಬದಾಗ ಕಾಕು ಊರಾಗ ಇರಲಿಲ್ಲ. ಮಗಳ ಬಾಣಂತನಕ್ಕ ಗಜೇಂದ್ರಗಡಕ್ಕ ಹೋಗಿದ್ಲು. ಮಗಳ ಮನ್ಯಾಗ ಬ್ಯಾರೆ ಹೆಣ್ಣಮಕ್ಕಳು ಇಲ್ಲ. ಮೊಮ್ಮಗ ತೊಟ್ಟಲಾಗಿಂದ ಇಳದು ಅಂಬೆಗಾಲು ಇಟ್ಟು, ಗ್ವಾಡಿ ಹಿಡದು ನಿಂತರೂ ಅಲ್ಲೇ ಉಳದ್ಲು. ಇತ್ತ ಹೊಲದ ಮೂಲ್ಯಾಗ ಕರಕಿ ಚಿಗತು ಹಸರಾತು. ಕಾಕಾ ಏನ ಮಾಡಿದ ಅಂತೀರಿ? ಕಾಯಿ ಒಡದ! "ದೇವರು ನೆಲಾ ಹಿಡದ" ಅಂತ ಊರಾಗ ಸಕ್ರಿ ಹಂಚಿದ. ಮುಂಗಾರಿ ಸನೇಕ ಬಂತು. ಪಾಪ, ಕಾಕು ತಾನ ಅಲ್ಲಿಂದ ಫೋನ್ ಮಾಡಿ, "ನನ್ನ ಹೊಲ ಹರಗಿ ಹೆಸರು ಬಿತ್ರಿ" ಅಂತ ಟ್ರ್ಯಾಕ್ಟರಿನವಗ ಹೇಳಿದ್ಲು. ಆ ಪುಣ್ಯಾತ್ಮ ಬಂದು ಮೂಲ್ಯಾಗಿನ ಕರಕಿ ಟ್ರ್ಯಾಕ್ಟರ್ ಹಿಂದಿನ ಕುಂಟಿಗೆ ಸಿಗಿಸಿಕೊಂಡು, ತುಂಡು ತುಂಡು ಮಾಡಿ, ಲಗ್ನದಾಗ ಎಲಿ-ಅಡಕಿ ಹಂಚಿದಂಗ ಹೊಲದ ತುಂಬ ಹಂಚಿ ಹೋದ. ಮ್ಯಾಲೆ ಚಲೋ ಮಳಿ.

ಕಾಕು ಹೊಳ್ಳಿ ಬಂದು ನೋಡೂದರಾಗ ಹಬ್ಬಿಬಿಟ್ಟಿತ್ತು. ಈ ಒಡ್ಡಿನಿಂದ ಆ ಒಡ್ಡಿನತನಕ ಹಬ್ಬಿತ್ತು. ಬಿತ್ತಿದ ಹೆಸರು ಎಲ್ಲೈತಿ ಅಂತ ಕೈ ಹಾಕಿ ಹುಡಕಬೇಕಾಗಿತ್ತು. ಬದು ಏರಿ ಮಗ್ಗಲ ಹೊಲಕ್ಕ ಇಣುಕಿ ನೋಡಾಕತ್ತಿತ್ತು.

ನನ್ನ ಫೋನ್ ಬಡಕೊಂತು. ಆ ಕಡೆ ಕಾಕು ನನ್ನ ಜೋಡಿ ಮಾತಾಡವಲ್ಲಳು. ಎದುರ ನಿಂತ ಗಂಡಗ ಬೈಯಾಕತ್ತಾಳ, ನನಗ ಕೇಳಲಿ ಅಂತ ಫೋನ್ ಹಿಡದಾಳ. "ನಿಮ್ಮ ಕೈ ಸೇದಿ ಹೋಗ್ಲಿರಿ! ನಿಮ್ಮ ಭಕ್ತಿಗೆ ಬೆಂಕಿ ಬೀಳ್ಲಿರಿ! ಹಾಕೂದು ನಿಮ್ಮ ಹೊಲದಾಗ ಹಾಕಬೇಕಿಲ್ಲೇನ್ರಿ?"

ಕಾಕಾನ ದನಿ ಸಣ್ಣಗ ಕೇಳತಿತ್ತು. "ನನ್ನ ಹೊಲದಾಗ ಹಾದಿ ಐತೆಲ್ಲ. ಮಂದಿ ತುಳೀತಾರ, ದನ ತುಳೀತಾವ. ನಿನ್ನ ಹೊಲದಂಥಾ ಮಡಿ ಜಾಗ ಊರಾಗ ಎಲ್ಲೈತಿ ಹೇಳು?"

ಅಂದ್ರ ನೋಡ್ರಿ, ಮರ್ಯಾದಿ ಕೊಟ್ಟ ಹೊಲ ಕೊಂದಿದ್ದ!

ಮುಂದ ಸುರುವಾತು ಸರ್ಕಸ್ಸು. ಕಾಕು ಆಳು ಹಚ್ಚಿ ಕರಕಿ ಕಡಸಿದ್ಲು. ಹೆಣ್ಣಾಳು ಮುಂಜಾನಿಂದ ಸಂಜಿತನಕ ಕಡದು ಬಣವಿ ಹಂಗ ಒಟ್ಟಿದ್ರು. ಈಗ ಅದನ್ನ ಎಲ್ಲಿ ಹಾಕೂದು? ಹಾದಿಗೆ ಹಾಕಿದ್ರ ತುಳೀತಾರ. ಸುಡೂನು ಅಂದ್ರ, "ಗಣಪ್ಪನ್ನ ಸುಡ್ತೀರೇನ್ರವಾ?" ಅಂತ ಕಾಕಾ ಬಣವಿ ಮುಂದ ಕೈ ಅಗಲಿಸಿ ನಿಂತ. ಆಳಿನವರು ಹೆದರಿ ಕಡ್ಡಿಪೆಟಗಿ ಉಡಿಯಾಗ ಇಟ್ಕೊಂಡ್ರು. ಮರುದಿನ ಕಾಕಾ ಒಬ್ಬನ ಬುಟ್ಟಿ ಹೊತ್ತು ಹೊತ್ತು ಆ ಬಣವೀನ್ನ ಉಳದ ಮೂರೂ ಮೂಲಿಗೆ ಸಮಾ ಹಂಚಿ ಬಂದ. ಇಷ್ಟ ದಿನ ಒಂದ ಮೂಲಿ ಹಿಡಕೊಂಡು ಬಂದ ದೇವರು ಈಗ ನಾಕೂ ಕಡಿಂದ ಬರಾಕ ಹತ್ತಿದ.

ಆಮ್ಯಾಲೆ ಕಸ ಸಾಯೂ ಎಣ್ಣಿ ಹೊಡಸೂದು ಅಂತ ನಾನ ಹಿರೇತನ ಮಾಡಿದೆ. ಬೆಳವಣಕಿ ಕಡೆಯಿಂದ ಪಂಪು ಬೆನ್ನಿಗೆ ಕಟ್ಟಿಕೊಂಡು ಒಬ್ಬಾಂವ ಬಂದ. ನಾನೂ ಕಾಕುನೂ ಮನ್ಯಾಗ ಚಾ ಕುಡಕೊಂತ ಇನ್ನೇನು ಪೀಡಾ ಹೋತು ಅನ್ನೂದರಾಗ ಅಂವ ಪಂಪು ತುಂಬಿದ್ದು ತುಂಬಿದಂಗ ಹೊಳ್ಳಿ ಬಂದ. "ಯಕ್ಕಾರ, ನನಗ ಸಣ್ಣ ಮಕ್ಕಳು ಅದಾವ್ರಿ. ನಾ ವಲ್ಲೆ" ಅಂದ. ಹೋಗಿ ನೋಡಿದ್ರ ಕಾಕಾ ಹೊಲದ ನಟ್ಟನಡುವ ಒಂದು ಕಲ್ಲು ನೆಟ್ಟು, ಕುಂಕುಮ ಹಚ್ಚಿ, ದೀಪಾ ಹಚ್ಚಿ ಕುಂತಿದ್ದ! ದೀಪ ಹಚ್ಚಿದ ದೇವರ ಮ್ಯಾಲೆ ಎಣ್ಣಿ ಹೊಡಿ ಅಂದ್ರ ಯಾರ ಹೊಡದಾರು?

"ಕಾಕಾ, ಹೊಲ ಎಲ್ಲಾ ದೇವರಿಗೆ ಬಿಟ್ರ ನೀವು ಉಣ್ಣೂದೇನು?" ಅಂತ ಕೇಳಿದೆ.

"ದೇವರು ಕೊಡ್ತಾನವಾ."

"ಕೊಟ್ಟಾನಲ್ಲ, ಹೊಲದ ತುಂಬ! ಹುರದ ತಿಂತೀಯೋ ಕುದಿಸಿ ತಿಂತೀಯೋ?"

ಕಾಕಾ ನಕ್ಕ. ಕಾಕು ನಗಲಿಲ್ಲ. ನನಗೂ ಖರೇ ಹೇಳಬೇಕಂದ್ರ ನಗು ಬರಲಿಲ್ಲ. ಯಾಕಂದ್ರ ಅವತ್ತ ಕಾಕುನ ಕೈ ನೋಡಿದ್ದೆ. ಆಳಿನವರು ಬರೂದು ಬಿಟ್ಟಮ್ಯಾಲೆ ಆಕಿ ಒಬ್ಬಾಕಿನ ಕಸ ತಗಿಯೂ ಕುರ್ಚಗಿ ಹಿಡಕೊಂಡು, ಕುಕ್ಕರಗಾಲಿಲೆ ಕುಂತು, ಸಾಲಿನ ಮ್ಯಾಲೆ ಸಾಲು ಕೀಳತಿದ್ಲು. ಬೆರಳು ಬಾತು ಬಳಿ ಏರತಿರಲಿಲ್ಲ. ಆಕಿ ಈ ತುದಿ ಸ್ವಚ್ಛ ಮಾಡಿ ಆ ತುದಿ ಮುಟ್ಟೂದರಾಗ ಈ ತುದಿ ಮತ್ತ ಹಸರು. ಹಿಂಗಾರ್ಯಾಗ ಬಿತ್ತಿದ ಬಿಳಿಜ್ವಾಳ ದಾರದಂಗ ಎದ್ದು, ತೆನಿ ಹಿಡೀಲಾರದ ಒಣಗಿತು. ಬೀಜದಷ್ಟೂ ಬರಲಿಲ್ಲ. ಇದ ಹೊಲದಾಗ ತನ್ನ ಅಪ್ಪ ಕೂರಿಗಿ ಹಿಂದ ಹಾಡಕೊಂತ ಬಿತ್ತತಿದ್ದ ಅಂತ ನನಗ ಜಡಿ ಹಾಕೂವಾಗ ಹೇಳತಿದ್ಲು ಈಕಿ. ಈಗ ಏನು ಹೇಳಬೇಕು? ಯಾರ ಮುಂದ ಹೇಳಬೇಕು? ತವರಿಗೆ ಸಿಟ್ಟಮಾಡಿಕೊಂಡು ಹೋಗೂನು ಅಂದ್ರ ತವರಮನಿ ಅದ ಊರಾಗ, ಎದುರಿನ ಓಣಿ. ಹೋಗಿ ಕುಂತ್ರ ಇಲ್ಲೀ ಒಲಿಮ್ಯಾಲಿನ ಹಾಲು ಉಕ್ಕಿದ್ದು ಅಲ್ಲಿಗೆ ವಾಸನಿ ಬರತೈತಿ!

ಎಳ್ಳ ಅಮಾಸಿ ಬಂತು. ನಾ ರೋಣದಿಂದ ಸಜ್ಜಿ ರೊಟ್ಟಿ, ಎಣಗಾಯಿ ಪಲ್ಲೆ, ಶೇಂಗಾ ಹೋಳಗಿ ಕಟ್ಟಿಕೊಂಡು ಹೋದೆ. ಊರಿಗೆ ಊರ ಗಾಡಿ ಹೂಡಿ ಹೊಲಕ್ಕ ಹೊಂಟೈತಿ. ಕಾಕು ಒಳಗ ಗ್ವಾಡಿಗೆ ಆನಿಕೊಂಡು ಕುಂತಾಳ. ಬುಟ್ಟಿ ತಗದಿಲ್ಲ.

"ಏಳ ಕಾಕು, ಚರಗಕ್ಕ ಹೊತ್ತಾತು."

"ಯಾಕ ಬೇಕವಾ. ಹೊಲ ಸತ್ತೈತಿ. ಸತ್ತ ಹೊಲಕ್ಕ ಏನ ಉಣಸೂದು?" ಅಂದ್ಲು.

ಸಿಟ್ಟಿಲ್ಲ, ಅಳು ಇಲ್ಲ. ಬಿಸಲಾಗ ಇಟ್ಟ ಹಪ್ಪಳ ತಗೀಬೇಕೇನು ಅಂತ ಕೇಳಿದಷ್ಟ ಸಾದಾ ದನೀಲೆ ಅಂದ್ಲು. ಕಟ್ಟಿಕೊಂಡು ಬಂದ ಗಂಟು ಬಿಚ್ಚೂ ಮನಸ್ಸಾಗಲಿಲ್ಲ ನನಗ. ಅವತ್ತಿನಿಂದ ಆಕಿ ಬೈಯೂದನ್ನ ಬಿಟ್ಟಳು. ಗಂಡಗ ಹೊತ್ತಹೊತ್ತಿಗೆ ಊಟಾ ಹಾಕತಾಳ, ಧೋತರ ಒಗೀತಾಳ. ಬೈಯೂದು ಮಾತ್ರ ಇಲ್ಲ. ಹೊಲದ ಮಾತು ಇಲ್ಲವೇ ಇಲ್ಲ. ಬೈಗಳ ಇಲ್ಲದ ಆ ಮನಿ ನನಗ ಮನಿ ಅನಸಲಿಲ್ಲ.

ಈ ಸಲ ಫೋನ್ ಮಾಡಿದಾಂವ ಕಾಕಾ. ಜನ್ಮದಾಗ ಫೋನ್ ಮುಟ್ಟಿದಾಂವಲ್ಲ. "ಯವ್ವಾ, ನೀ ಬಂದು ಆಕಿಗೆ ಎರಡು ಬೈ ಅಂತ ಹೇಳಿ ಹೋಗು" ಅಂದ.

"ಯಾರಿಗೆ ಬೈ ಅಂತ ಹೇಳಬೇಕು ಕಾಕಾ?"

"ನನಗ ಬೈ ಅಂತ. ಗಂಟಲದಾಗ ತುತ್ತು ಇಳೀವಲ್ದವಾ" ಅಂದ, ಅಂದು ಫೋನ್ ಇಟ್ಟ.

ನಾ ಹೋಗೂದರಾಗ ಊರಿಗೆ ಊರ ಆ ಹೊಲದ ಒಡ್ಡಿನ ಮ್ಯಾಲೆ ನಿಂತಿತ್ತು. ನಮ್ಮ ಕಾಕಾ ಕರಕಿ ನಡುವ ಗುದ್ದಲಿ ಹಿಡಕೊಂಡು ನಿಂತಿದ್ದ. ಕಲ್ಲಿನ ದೇವರು ಬೇವಿನ ಗಿಡದ ಬುಡಕ್ಕ ಹೋಗಿತ್ತು. ಕರಕಿನ್ನ ಬರೀಗಾಲಿಲೆ ತುಳಕೊಂತ ನಿಂತಾನ್ರಿ! ಒಂದೊಂದು ಏಟಿಗೂ "ತಪ್ಪಾತಪಾ, ತಪ್ಪಾತು" ಅಂತಾನ, ಹಾಕತಾನ. ಕಣ್ಣಾಗಿಂದ ನೀರು ಇಳದು ಮೀಸಿ ತೊಯ್ದಿತ್ತು. ಅಕ್ಕಿಕಾಳು ತುಳೀಲಾರದ ಉಪಾಸ ಹೊಳ್ಳಿ ಬಂದ ಮನಷ್ಯಾ! ನಕ್ಕೋತ ನೋಡಾಕ ಬಂದ ಮಂದಿ ಒಬ್ಬೊಬ್ರ ಸುಮ್ಮನ ಮನಿ ಹಾದಿ ಹಿಡದ್ರು.

ಇಲ್ಲಿಗೆ ಎಲ್ಲಾ ಸುಖಾಂತ ಆತು ಅಂದುಕೊಂಡ್ರೇನು? ನಮ್ಮ ಕಾಕಾನ ಸುದ್ದಿ ಅಷ್ಟ ಸಸಾರ ಅಲ್ಲ. ಕಡಿಯಾಕ ಹತ್ತಿದ ಸರಿ, ಹ್ಯಾಂಗ ಕಡೀತಾನ? ಎಲ್ಲಾರೂ ಕಡದಂಗ ಗೇಣು ಆಳ ಕಡಕೊಂತ ಮುಂದ ಹೋಗಬೇಕೋ ಬ್ಯಾಡೋ? ಹಂಗ ಮಾಡಿದ್ರ ಬ್ಯಾಸಗಿ ಮುಗಿಯೂದರಾಗ ಅರ್ಧಾ ಹೊಲ ಬಿತ್ತಿಗಿಗೆ ಬರತಿತ್ತು. ಈ ಮನಷ್ಯಾ ನಿಂತಲ್ಲೇ ಟೊಂಕಮಟ ತೆಗ್ಗು ತೋಡತಾನ! ತೆಗ್ಗಿನ್ಯಾಗ ಇಳದು ಒಂದೊಂದ ಬೇರು ದಾರಾ ಬಿಡಿಸಿದಂಗ ಬಿಡಸ್ತಾನ. ಒಂದು ಬೇರು ಹರೀತು ಅಂದ್ರ ಅದರ ತುದಿ ಸಿಗೂತನಕ ಮತ್ತ ಕೆಳಗ. ಮುಂಜಾನಿಂದ ಸಂಜಿತನಕ ಕಡದ್ರ ಒಂದು ಹಾಸಗಿ ಹಾಸುವಷ್ಟು ಜಾಗಾ ಸ್ವಚ್ಛ ಆಗತಿತ್ತು. ಉಳದ ಹೊಲದಾಗ ಕರಕಿ ಕುಣಕೊಂತ ಹಬ್ಬತಿತ್ತು. ಊರ ಮಂದಿ ಮತ್ತ ನಗಾಕ ಹತ್ತಿದ್ರು. "ಯಜಮಾನ್ರ, ಬಾವಿಗೆ ನೀರು ಬಿತ್ತೇನ್ರಿ?" ಅಂತ ಹಾದಿಮ್ಯಾಲೆ ನಿಂತು ಕೇಳಾವ್ರ ಕೇಳಾವ್ರು.

ಕಾಕು ಹೊಲದ ಕಡೆ ಹಣಿಕಿ ಹಾಕಲಿಲ್ಲ. "ಮೊದಲು ತಿಳೀಲಿಲ್ಲ, ಈಗ ತಿಳದು ಏನ ಉಪಯೋಗ" ಅಂದಷ್ಟ. ಬ್ಯಾಸಗಿ ಅರ್ಧಾ ಮುಗೀತು. ಒಂದಿನ ನನಗ ತಾಳ್ಮಿ ಹರೀತು. ಕಾಕು ಕಟ್ಟಿಕೊಟ್ಟ ಬುತ್ತಿ ಹಿಡಕೊಂಡು ಹೊಲಕ್ಕ ಹೋದೆ. ಕಾಕಾ ತೆಗ್ಗಿನ್ಯಾಗ ಇದ್ದ. ದಂಡಿಗೆ ನಿಂತು ಬಾಯಿಗೆ ಬಂದಂಗ ಅಂದೆ.

"ಕಾಕಾ, ನಿನಗ ಖರೇನ ಬುದ್ಧಿ ಐತೋ ಇಲ್ಲೋ? ಮ್ಯಾಲಿಂದ ಮ್ಯಾಲೆ ಕಡದ್ರ ಈ ವರ್ಷರೆ ಆಕಿ ನಾಕು ಕಾಳು ಕಾಣತಿದ್ಲು. ಹಿಂಗ ಪಾತಾಳ ತೋಡಕೊಂತ ಕುಂತ್ರ ನಿನ್ನ ಜನ್ಮದಾಗ ಈ ಹೊಲ ಮುಗೀತೈತೇನು?"

"ಮುಗಿಯಂಗಿಲ್ಲ" ಅಂದ. ಗುದ್ದಲಿ ಊರಿ ನಿಂತು, ಟವಲಿಲೆ ಮಾರಿ ಒರಸಿಕೊಂಡ. "ನನಗೂ ಗೊತ್ತೈತಿ, ಮುಗಿಯಂಗಿಲ್ಲವಾ."

"ಮತ್ತ?"

"ಮ್ಯಾಲಿಂದು ಕುರ್ಚಗೀಲೆ ಹೋಗತೈತಿ. ಅದು ಆಕಿ ಕೈಲೆ ಆಗತೈತಿ. ಈ ಆಳದ್ದು ಆಕಿ ಕೈಲೆ ಆಗಂಗಿಲ್ಲ. ನಾ ಆಕಿಗಿಂತ ಭಾಳ ದೊಡ್ಡಾಂವ ಅದೀನಿ. ನಾ ಹೋದಮ್ಯಾಲೆ ಆಕಿ ಒಬ್ಬಾಕಿನ ಈ ಹೊಲದಾಗ ಕುಂತು ಕಿತ್ತಿದ್ದ ಕೀಳೂದು ಆಗಬಾರದು. ಎಷ್ಟ ಆಗತೈತೋ ಅಷ್ಟು, ಆಳದ್ದು ತಗದು ಹೋಗ್ತೀನಿ."

ಬುತ್ತಿ ದಂಡಿಗಿಟ್ಟು ಮನಿಗೆ ಬಂದೆ. ಕಾಕು ರೊಟ್ಟಿ ಬಡಿಯಾಕತ್ತಿದ್ಲು. ಅಂವ ಹೇಳಿದ್ದನ್ನ ಒಂದಕ್ಷರ ಬಿಡದ ಹೇಳಿದೆ. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರ್ರಗಾತು, ಆಕಿ ಹೊಳ್ಳಿಸಲಿಲ್ಲ.

ಮರುದಿನ ಮುಂಜಾನೆ ನಾ ಬಸ್ಸಿಗೆ ಹೊಂಟಾಗ ಕಾಕು ಸೆರಗು ಟೊಂಕಕ್ಕ ಸಿಗಿಸಿ, ತನ್ನ ಅಪ್ಪನ ಮನ್ಯಾಗಿಂದ ಒಂದು ಗುದ್ದಲಿ ಇಸಕೊಂಡು ಹೆಗಲಿಗೆ ಹಾಕಿಕೊಂಡು ಹೊಂಟಿದ್ಲು. ಬಸ್ಸು ಬಿಟ್ಟು ನಾನೂ ಆಕಿ ಹಿಂದ ಹೋದೆ. ಎಷ್ಟೋ ತಿಂಗಳದ ಮ್ಯಾಲೆ ಆಕಿ ಆ ಹೊಲದಾಗ ಕಾಲಿಟ್ಟಿದ್ಲು. ಕರಕಿ ಇನ್ನೂ ಈ ಒಡ್ಡಿನಿಂದ ಆ ಒಡ್ಡಿನತನಕ ಇತ್ತು. ಒಂದು ಮೂಲ್ಯಾಗ ಅಷ್ಟ ಕರಿ ಮಣ್ಣು ಕಾಣತಿತ್ತು. ತೆಗ್ಗಿನ ದಂಡಿಗೆ ಹೋಗಿ ನಿಂತ್ಲು. ಕಾಕಾ ಮ್ಯಾಲೆ ನೋಡಿದ.

"ಆಳ ಹ್ಯಾಂಗ ಕಡೀಬೇಕು, ನನಗೂ ತೋರಸ್ರಿ" ಅಂದ್ಲು ಕಾಕು. "ನೀವು ಅರ್ಧಾ ಬಿಟ್ಟು ಹೋದ್ರ ಉಳದದ್ದನ್ನ ಯಾರ ತಗೀಬೇಕು?"

ಕಾಕಾ ಗುದ್ದಲಿ ಮಗ್ಗಲಕಿಟ್ಟ, ಕೈಗೆ ಹತ್ತಿದ ಮಣ್ಣು ಧೋತರಕ್ಕ ಒರಸಿಕೊಂಡ, ಆಕಿ ಕೆಳಗ ಇಳಿಯಾಕ ಕೈ ಕೊಟ್ಟ.